ಬಿಸಿಲಿಗೆ ಹಿಡಿದ ಬಟ್ಟೆ

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯಿಂದ ಮ್ಯಾಚಿಂಗ್ ಸೆಂಟರಿನೊಳಗೆ ಕಾಲಿಟ್ಟವನಿಗೆ ಮೊದಲ ಗಳಿಗೆಯಲ್ಲಿ ಏನೂ ಕಾಣುವುದಿಲ್ಲ. ಬಿಸಿಲಿಗೆ ಸಾಸಿವೆ ಕಾಳಿನಷ್ಟಾಗಿದ್ದ ಕಣ್ಣಪಾಪೆ ಹಿಗ್ಗಿ, ನಾನು ಯಾರದೋ ಚಪ್ಪಲಿ ತುಳಿದು, ಸ್ಟೂಲು ಹುಡುಕಿ ಕೂಡುವಷ್ಟರಲ್ಲಿ ಹೆಂಡತಿ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ ಸೀರೆ ಹರವಿ, ಅದಕ್ಕೊಪ್ಪುವ ಜಂಪರ್ ಪೀಸು ಕೇಳಿ ಆಗಿರುತ್ತದೆ.

"ಬರೋಬರ್ ಕೂಡ್ಯದ ನೋಡ್ರಿ ಅಕ್ಕೋರ," ಎಂದು ಅಂಗಡಿಯವನು ಬಟ್ಟೆಯನ್ನು ಸೆರಗಿಗೆ ಹಚ್ಚಿ ತೋರಿಸುತ್ತಾನೆ.

"ಇಲ್ಲಿ ಬ್ಯಾಡ್ರಿ, ಬಿಸಲಾಗ ತರ್ರಿ," ಎಂದು ಅವಳು ಬಾಗಿಲಿಗೆ ಹೊರಡುತ್ತಾಳೆ. ಹೊಸ್ತಿಲ ಮೇಲೆ ಸೀರೆ ಗುಲಾಬಿಯತ್ತ ವಾಲಿದರೆ ಪೀಸು ಇಟ್ಟಿಗೆಯತ್ತ ವಾಲುತ್ತದೆ.

ಇದರಲ್ಲಿ ಅಂಗಡಿಯವನ ಮೋಸವೇನೂ ಇಲ್ಲ. ಬಣ್ಣ ಗುರುತಿಸಲು ನಮ್ಮ ಅಕ್ಷಿಪಟಲದಲ್ಲಿ ಸುಮಾರು 60 ಲಕ್ಷ ಶಂಕುಕೋಶಗಳಿದ್ದರೂ ಅವುಗಳಲ್ಲಿ ಇರುವುದು 3 ಬಗೆ ಮಾತ್ರ. ಬೆಳಕಿನ ತರಂಗಗಳನ್ನು ಅವು ಒಂದೊಂದಾಗಿ ಎಣಿಸದೆ ತಮ್ಮ ತಮ್ಮ ಒಟ್ಟು ಲೆಕ್ಕವನ್ನಷ್ಟೇ ಮಿದುಳಿಗೆ ಒಪ್ಪಿಸುತ್ತವೆ. ಬೇರೆ ಬೇರೆ ಬಣ್ಣದಲ್ಲಿ ಅದ್ದಿದ ಎರಡು ಬಟ್ಟೆಗಳು ನೀಲಿಯೂ ಹಳದಿಯೂ ಬೆರೆತ ಎಲ್‌ಇಡಿ ಬೆಳಕಿನಲ್ಲಿ ಒಂದೇ ಮೊತ್ತ ಕೊಡಬಹುದು; ಬೆಳಕಿನ ಹದ ಬದಲಾದೊಡನೆ ಲೆಕ್ಕ ತಪ್ಪುತ್ತದೆ. ವಿಚಿತ್ರವೆಂದರೆ ಒಂಟಿ ಸೀರೆಯನ್ನು ಒಳಗೆ ನೋಡಿದರೂ ಹೊರಗೆ ನೋಡಿದರೂ ಅದೇ ಸೀರೆಯೆನಿಸುತ್ತದೆ, ಏಕೆಂದರೆ ಬೆಳಕಿನ ಛಾಯೆಯನ್ನು ಮಿದುಳು ತಾನೇ ವಜಾ ಮಾಡಿಕೊಳ್ಳುತ್ತದೆ. ಜಗಳವೆಲ್ಲ ಜೋಡಿಯಾದಾಗಲೇ. (ಇದನ್ನು ನಾನು ಅಂಗಡಿಯಲ್ಲಿ ಗಟ್ಟಿಯಾಗಿ ಹೇಳಲಿಲ್ಲ.)

ನಾಲ್ಕನೆಯ ಸಲ ಬಾಗಿಲಿಗೆ ಬಂದ ಅಂಗಡಿಯವನು ಬೆವರೊರೆಸಿಕೊಳ್ಳುತ್ತ, "ಲಗ್ನ ಹಗಲಿಗದನೋ ರಾತ್ರಿಗದನೋ?" ಎಂದು ಕೇಳಿದ. ಬೆಳಕಿನ ಬಗ್ಗೆ ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಭೌತಶಾಸ್ತ್ರದ ತರಗತಿಯಲ್ಲಿಯೂ ಕೇಳಿರಲಿಲ್ಲ. ಅಕ್ಷತೆ ಹಗಲಿಗೆ, ರಿಸೆಪ್ಷನ್ ರಾತ್ರಿಗೆ ಇದ್ದುದರಿಂದ ಎರಡು ಪೀಸು ಕೊಂಡೆವು.

ಸಂಜೆ ಕರೆಂಟ್ ಹೋಯಿತು. ಅಂಗಳದಲ್ಲಿ ಅವಳು ಸೀರೆ ಹರವಿದಾಗ ಕುಂಕುಮಗೆಂಪಿನ ಅಂಚು ಕಪ್ಪಾಗುತ್ತ ಬಂದಿತ್ತು; ಪಕ್ಕದ ತುಳಸಿಯ ಎಲೆ ಮಾತ್ರ ಇನ್ನೂ ತಿಳಿಯಾಗಿತ್ತು. ಮಬ್ಬಿನಲ್ಲಿ ಶಂಕುಕೋಶಗಳು ಹಿಂದೆ ಸರಿದು, ಕೆಂಪಿಗೆ ಹೆಚ್ಚುಕಡಿಮೆ ಕುರುಡಾದ ಸುಮಾರು 12 ಕೋಟಿ ದಂಡಕೋಶಗಳು ಕೆಲಸ ವಹಿಸಿಕೊಳ್ಳುವಾಗ ಆಗುವ ಈ ಬದಲಾವಣೆಯನ್ನು 19ನೇ ಶತಮಾನದ ಆರಂಭದಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ್ದನು. ದಂಡಕೋಶಗಳು ಕತ್ತಲಿಗೆ ಪೂರ್ತಿ ಪಳಗಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಕಾದು ನೋಡಿದೆ. ಸೀರೆಯ ಮಡಿಕೆಗಳೂ ಕಂಡವು, ಹೊಲಿಗೆಗೆ ಕಟ್ಟಿಟ್ಟ ಗಂಟೂ ಕಂಡಿತು. ಎರಡು ಪೀಸುಗಳಲ್ಲಿ ಹಗಲಿನದು ಯಾವುದು, ರಾತ್ರಿಯದು ಯಾವುದು ಎಂಬುದು ಮಾತ್ರ ನಮ್ಮಿಬ್ಬರಿಗೂ ತಿಳಿಯಲಿಲ್ಲ.