ಗೌರವಧನದ ಕವರು

ಕಳೆದ ತಿಂಗಳು ಫುಟ್‌ಬಾಲ್ ರೆಫರಿ ಪರೀಕ್ಷೆ ಪಾಸಾದ ಹುಡುಗನೊಬ್ಬ ಶಿವಮೊಗ್ಗದ ನೆಹರು ಕ್ರೀಡಾಂಗಣದ ಗೇಟಿನ ಬಳಿ ಸಿಕ್ಕಿದ. ಹೊಸ ಸೀಟಿ ಕೊಂಡಿದ್ದ, ಕೊರಳಿಗೆ ಹಾಕಿಕೊಂಡೇ ಬಂದಿದ್ದ. ಚಹಾ ಕುಡಿದು ಮುಗಿಸುವ ಹೊತ್ತಿಗೆ ದನಿ ತಗ್ಗಿಸಿ, “ಮೇಷ್ಟ್ರೇ, ಒಂದು ಪಂದ್ಯಕ್ಕೆ ಎಷ್ಟು ಕೊಡುತ್ತಾರೆ?” ಎಂದು ಕೇಳಿದ.

ಹತ್ತೊಂಬತ್ತು ವರ್ಷ ಸೀಟಿ ಊದಿದ ನನಗೆ ನೇರವಾಗಿ ಉತ್ತರಿಸಲು ಬಾಯಿ ಬರಲಿಲ್ಲ. “ಅದು ಗೌರವಧನ ಕಣಪ್ಪಾ, ಇಷ್ಟೇ ಎಂದೇನಿಲ್ಲ” ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ಮನೆಗೆ ಬಂದ ಮೇಲೂ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ಗೌರವಧನ ಎಂಬುದು ಬಲು ಜಾಣ ಪದ. ಸಂಬಳವಾದರೆ ಒಂದನೇ ತಾರೀಖು ದಾಟಿದ ಕೂಡಲೇ ಕೇಳಬಹುದು. ಕೂಲಿಯಾದರೆ ಸಂಜೆ ಜಗಲಿಯ ಮುಂದೆ ನಿಲ್ಲಬಹುದು. ಗೌರವಧನವನ್ನು ಕೇಳಿದರೆ ಗೌರವ ಹೋಗುತ್ತದೆ, ಕೇಳದಿದ್ದರೆ ಧನ ಬರುವುದಿಲ್ಲ. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ₹12,000 ಖಾತ್ರಿಯಾಗಿ ಕೊಡಿ ಎಂದು ಮುಷ್ಕರಕ್ಕೆ ಇಳಿದಿದ್ದರಲ್ಲ, ಸೋಂಕಿನ ನಡುವೆ ಮನೆಮನೆ ತಿರುಗುತ್ತಿದ್ದ ಅವರಿಗೆ ಸಿಗುತ್ತಿದ್ದುದೂ ಗೌರವಧನವೇ. ಅವರ ಕೆಲಸದ ಮುಂದೆ ನನ್ನ ಸೀಟಿ ಯಾವ ಲೆಕ್ಕಕ್ಕೂ ಇಲ್ಲ. ಕೊಡುವವರು ಬಳಸುವ ಪದ ಮಾತ್ರ ಒಂದೇ.

ನಾನು ಖಾಸಗಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಶನಿವಾರ, ಭಾನುವಾರ ಫುಟ್‌ಬಾಲ್ ರೆಫರಿ. ಶಿವಮೊಗ್ಗ, ಭದ್ರಾವತಿ, ಸಾಗರ, ಯಾರಾದರೂ ಕರೆದರೆ ಚಿಕ್ಕಮಗಳೂರು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಚೆಂಡು ಉರುಳುವುದಿಲ್ಲ, ತೇಲುತ್ತದೆ. ದಸರಾ ಕಳೆದು ನೆಲ ಗಟ್ಟಿಯಾದ ಮೇಲೆ ಟೂರ್ನಿಗಳು ಶುರುವಾಗುತ್ತವೆ. ಮಕ್ಕಳಿಗೆ ರಜೆ ಬಿದ್ದ ಏಪ್ರಿಲ್, ಮೇ ತಿಂಗಳುಗಳೇ ನಮಗೆ ಸುಗ್ಗಿ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದು ಕುಳಿತದ್ದು ಆ ಸುಗ್ಗಿಯ ನೆತ್ತಿಯ ಮೇಲೆ.

ಆ ವರ್ಷದ ಡೈರಿ ಈಗಲೂ ನನ್ನ ಬಳಿ ಇದೆ. ಏಪ್ರಿಲ್, ಮೇ ಪುಟಗಳಲ್ಲಿ ಹದಿನಾಲ್ಕು ದಿನಗಳ ಎದುರು ಊರುಗಳ ಹೆಸರು ಬರೆದಿದ್ದೆ. ಒಂದೊಂದೇ ಫೋನ್ ಬರುತ್ತಿತ್ತು, “ಮೇಷ್ಟ್ರೇ, ಈ ಸಲ ಇಲ್ಲ” ಎಂದು. ಅಡ್ಡಗೆರೆ ಎಳೆಯುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಳು. ಆಗ ಮೂರನೇ ತರಗತಿ. ಸ್ಕೇಲ್ ಇಟ್ಟು, ಕೆಂಪು ಪೆನ್ನಿನಲ್ಲಿ, ಓರೆಯಾಗದ ಹಾಗೆ ಎಳೆದಿದ್ದಾಳೆ. ಅಷ್ಟು ಚಂದದ ಗೆರೆಗಳನ್ನು ಅವಳು ಗಣಿತದ ಪುಸ್ತಕದಲ್ಲಿ ಎಂದೂ ಎಳೆದದ್ದಿಲ್ಲ.

ನೆನಪಿರಬಹುದು, ಮೇ 10ರವರೆಗೆ ನಮ್ಮ ಜಿಲ್ಲೆಯಲ್ಲಿ ಒಂದೂ ಸೋಂಕು ಪತ್ತೆಯಾಗಿರಲಿಲ್ಲ. ಹಸಿರು ವಲಯ ಎಂದು ಬೀಗುತ್ತಿದ್ದೆವು. ರೋಗವಿಲ್ಲದ ಊರಿನಲ್ಲಿ ಮೈದಾನಕ್ಕೆ ಬೀಗ. ಬೇಕಿತ್ತು ಬಿಡಿ, ಅದರ ಬಗ್ಗೆ ತಕರಾರಿಲ್ಲ. ಶಾಲೆಯವರು ಮೊದಲು ಅರ್ಧ ಸಂಬಳ ಕೊಟ್ಟರು, ಆಮೇಲೆ “ಮಕ್ಕಳು ಬರಲಿ, ನೋಡೋಣ” ಎಂದರು. ಆನ್‌ಲೈನ್ ತರಗತಿಯಲ್ಲಿ ಪಿಟಿ ಮೇಷ್ಟರು ಯಾರಿಗೆ ಬೇಕು?

ಭಾವನ ತೋಟಕ್ಕೆ ಕಾಳುಮೆಣಸು ಬಿಡಿಸಲು ಹೋದೆ. ಒಂದು ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ಅವರ ತೋಟದ ಕೊನೆಗೌಡ ಬಂದ. ಬಯಲುಸೀಮೆಯವರಿಗೆ ಹೇಳುವುದಾದರೆ, ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಕೊಯ್ಯುವವನು. ಕೊಯ್ಲಿಗೆ ಇನ್ನೂ ಆರು ತಿಂಗಳಿತ್ತು. ಭಾವ ಒಳಗೆ ಹೋಗಿ ದುಡ್ಡು ತಂದು ಕೊಟ್ಟರು, ಪುಸ್ತಕದಲ್ಲಿ ಮುಂಗಡ ಎಂದು ಬರೆದುಕೊಂಡರು. ಅವನು ಹೋದ ಮೇಲೆ ನಾನು ಸುಮ್ಮನೆ ಕೇಳಿದೆ. “ಅಲ್ಲ ಮಾರಾಯ, ಈಗ ಅವನ ಮನೆ ನಡೆಯದಿದ್ದರೆ ಕಾರ್ತಿಕದಲ್ಲಿ ನನ್ನ ಮರ ಹತ್ತುವವರು ಯಾರು?” ಎಂದರು. ಮುಂಗಡ ಎನ್ನುವುದು ಕಾಲಿಗೆ ಕಟ್ಟುವ ಹಗ್ಗವೂ ಹೌದು, ಅದರ ಕಷ್ಟ ಗೊತ್ತಿಲ್ಲದವನಲ್ಲ ನಾನು. ಆದರೂ ಆ ರಾತ್ರಿ ಯೋಚನೆ ಅದೇ ಆಯಿತು. ನವೆಂಬರಿನಲ್ಲಿ ಸೀಟಿ ಊದಲು ನಾನು ಬದುಕಿರಬೇಕು ಎಂದು ಒಬ್ಬ ಸಂಘಟಕನಿಗೂ ಅನಿಸಲಿಲ್ಲವಲ್ಲ.

ಸರ್ಕಾರಕ್ಕೂ ಅನಿಸಲಿಲ್ಲ. ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು, ನಮ್ಮ ಜಿಲ್ಲೆಯವರೇ, ₹1,610 ಕೋಟಿಯ ಪರಿಹಾರ ಘೋಷಿಸಿದರು. ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ ₹5,000. ನನ್ನ ಜೊತೆ ಗೆರೆಗುಂಟ ಬಾವುಟ ಹಿಡಿದು ಓಡುವ ಹಿರಿಯ ಸಹಾಯಕ ರೆಫರಿಯೊಬ್ಬರಿದ್ದಾರೆ. ಇಪ್ಪತ್ತೆರಡು ವರ್ಷದ ಅನುಭವ, ಆಫ್‌ಸೈಡ್ ಹಿಡಿಯುವುದರಲ್ಲಿ ಗಿಡುಗ. ಹೊಟ್ಟೆಪಾಡಿಗೆ ಆಟೊ ಓಡಿಸುತ್ತಾರೆ. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿದರು, ಕಾದರು, ಕೊನೆಗೂ ಹಣ ಬಂತು. ಫೋನ್ ಮಾಡಿ ನಗುತ್ತಿದ್ದರು, “ನೋಡಪ್ಪಾ, ಬಾವುಟ ಕೈಬಿಟ್ಟಿತು, ಹ್ಯಾಂಡಲ್ ಕಾಪಾಡಿತು.” ನನಗೆ ಹ್ಯಾಂಡಲ್ ಇರಲಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ ₹1,250 ಕೋಟಿಯ ಇನ್ನೊಂದು ಪರಿಹಾರ ಬಂತು. ಆ ಪಟ್ಟಿಯಲ್ಲಿ ಕಲಾವಿದರಿದ್ದರು, ಸಂತೋಷ. ಮೈದಾನದವರು ಇರಲಿಲ್ಲ.

ಇನ್ನು ದೊಡ್ಡವರ ಫುಟ್‌ಬಾಲಿಗೆ ಬರೋಣ. ಟಿವಿಯಲ್ಲಿ ಕಾಣುವ ರೆಫರಿಗಳೆಲ್ಲ ಕೋಟ್ಯಧಿಪತಿಗಳು ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕೂಡ 2001ರ ತನಕ ಅರೆಕಾಲಿಕ ರೆಫರಿಗಳನ್ನೇ ಇಟ್ಟುಕೊಂಡಿತ್ತು. ಆಮೇಲೆ ಆಯ್ದ ಕೆಲವರನ್ನು ಪೂರ್ಣಾವಧಿಗೆ ತೆಗೆದುಕೊಂಡು ವಾರ್ಷಿಕ ವೇತನ ಗೊತ್ತುಮಾಡಿದರು, ಪಂದ್ಯದ ಭತ್ಯೆ ಅದರ ಮೇಲೆ. 2020ರ ಮಾರ್ಚ್‌ನಲ್ಲಿ ನಿಂತ ಆ ಲೀಗ್ ಮತ್ತೆ ಶುರುವಾದದ್ದು ಜೂನ್ 17ಕ್ಕೆ. ಆ ಮೂರು ತಿಂಗಳು ಮೇಲಿನ ಆ ಬೆರಳೆಣಿಕೆಯವರಿಗೆ ಕಾಲ ಕೆಳಗೆ ನೆಲವಿತ್ತು. ಅದೇ ದೇಶದಲ್ಲಿ ಕೆಳಗಿನ ಹಂತದಲ್ಲಿ, ಭಾನುವಾರದ ಪಾರ್ಕುಗಳಲ್ಲಿ ಊದುವವರಿಗೆ ಪಂದ್ಯವಿದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಹಾಗೆ ನೋಡಿದರೆ ಅವರೂ ನಾನೂ ಒಂದೇ ಪಂಕ್ತಿಯವರು, ಅವರ ಎಲೆಗೆ ಪೌಂಡ್ ಬೀಳುತ್ತದೆ ಅಷ್ಟೆ.

ಜರ್ಮನಿಯಲ್ಲಿ ಮೇ 16ಕ್ಕೇ ಆಟ ಶುರುವಾಗಿತ್ತು. ಅದಕ್ಕೆ ಎಂಟು ದಿನ ಮೊದಲು ಆಟದ ನಿಯಮ ಮಾಡುವ ಮಂಡಳಿ ಮೂರರ ಬದಲು ಐದು ಬದಲಿ ಆಟಗಾರರಿಗೆ ಅವಕಾಶ ಕೊಟ್ಟಿತು. ಪಂದ್ಯಗಳು ಒತ್ತೊತ್ತಾಗಿ ಬರುತ್ತವೆ, ಆಟಗಾರರು ದಣಿಯುತ್ತಾರೆ ಎಂಬ ಕಾರಣಕ್ಕೆ. ಸರಿಯಾದ ತೀರ್ಮಾನ. ತೊಂಬತ್ತು ನಿಮಿಷದಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಓಡುವ ರೆಫರಿಯ ದಣಿವಿನ ಮಾತು ಯಾರೂ ಎತ್ತಲಿಲ್ಲ. ಆತನೇನು ಗಡಿಯಾರವೇ, ಕೀ ಕೊಟ್ಟು ಬಿಡಲು?

ನಮ್ಮ ದೇಶದ ಸ್ಥಿತಿ ಇನ್ನೂ ಒಂದು ಕೈ ಮೇಲೆ. 2020ರ ನವೆಂಬರ್ 20ರಿಂದ ಮರುವರ್ಷದ ಮಾರ್ಚ್ 13ರವರೆಗೆ ಇಂಡಿಯನ್ ಸೂಪರ್ ಲೀಗ್ ಇಡಿಯಾಗಿ ಗೋವಾದಲ್ಲೇ, ಮೂರು ಮೈದಾನಗಳಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. 115 ಪಂದ್ಯ. ಆಟಗಾರರ ಹಾಗೆ ರೆಫರಿಗಳೂ ಬಯೋಬಬಲ್ ಎಂಬ ಆ ಗುಳ್ಳೆಯೊಳಗೆ. ಹೋಟೆಲು, ಮೂಗಿಗೆ ಕಡ್ಡಿ, ಬಸ್ಸು, ಮೈದಾನ, ಮತ್ತೆ ಹೋಟೆಲು. ದೇಶದ ಅತ್ಯುನ್ನತ ಹಂತದಲ್ಲಿ ಊದುವವರಲ್ಲೂ ಬಹಳ ಮಂದಿಗೆ ಆಗ ಅನ್ನ ಹಾಕುತ್ತಿದ್ದುದು ಬೇರೊಂದು ನೌಕರಿ. ತಿಂಗಳುಗಟ್ಟಲೆ ರಜೆ ಕೇಳಿದರೆ ಯಾವ ಸಾಹೇಬ ನಗುನಗುತ್ತ ಸಹಿ ಹಾಕುತ್ತಾನೆ? ಅದೂ ಅವರಿಗೆ ಪಂದ್ಯವಾದರೂ ಸಿಕ್ಕಿತು. ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರು ಎದುರು ನೋಡುವ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಅಂತಿಮ ಸುತ್ತು 2019ರಲ್ಲಿ ಲುಧಿಯಾನದಲ್ಲಿ ನಡೆದ ಮೇಲೆ ಮತ್ತೆ ನಡೆದದ್ದು 2022ರಲ್ಲಿ, ಮಲಪ್ಪುರಂನಲ್ಲಿ. ರೆಫರಿಗೆ ವಯಸ್ಸು ಕಾಯುವುದಿಲ್ಲ. ಓಟದ ಪರೀಕ್ಷೆಯಲ್ಲಿ ನಪಾಸಾದರೆ ಮನೆಗೆ. ಆ ಮೂರು ವರ್ಷ ಎಷ್ಟು ಜನರ ಕೊನೆಯ ಮೂರು ವರ್ಷವಾಗಿತ್ತೋ.

ನಮ್ಮಲ್ಲಿ ಮತ್ತೆ ಚೆಂಡು ಉರುಳಿದ್ದು 2021ರ ಜನವರಿಯಲ್ಲಿ. ಭದ್ರಾವತಿ ಕಡೆಯ ಒಂದು ಟೂರ್ನಿ. ಮುಖಗವಸು ಕಡ್ಡಾಯ ಎಂದು ಮೈಕಿನಲ್ಲಿ ಕೂಗುತ್ತಿದ್ದವನ ಗವಸು ಗಲ್ಲದ ಕೆಳಗಿತ್ತು. ನಾನು ಹಾಕಿಕೊಂಡೇ ಇಳಿದೆ. ಸೀಟಿ ಊದಬೇಕೆಂದರೆ ಗವಸು ಕೆಳಗೆ ಜಾರಿಸಬೇಕು, ಸೀಟಿ ಬಾಯಿಗಿಡಬೇಕು, ಅಷ್ಟರಲ್ಲಿ ಚೆಂಡು ಇನ್ನೊಂದು ಗೋಲಿನ ಬಳಿ. ಗುಂಡಿ ಒತ್ತಿದರೆ ಕೂಗುವ ಬ್ಯಾಟರಿ ಸೀಟಿ ಬಂದಿದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಬೆಲೆ ನೋಡಿ ಮೊಬೈಲನ್ನು ಜೇಬಿಗೆ ಹಾಕಿಕೊಂಡಿದ್ದೆ. ಹತ್ತನೇ ನಿಮಿಷಕ್ಕೆ ಗವಸು ಬೆವರಿನಲ್ಲಿ ಒದ್ದೆಯಾಗಿ ಮೂಗಿಗೆ ಅಂಟಿತು, ಉಸಿರು ಕಟ್ಟಿತು. ತೆಗೆದು ಚಡ್ಡಿಯ ಜೇಬಿಗೆ ತುರುಕಿದೆ.

ದ್ವಿತೀಯಾರ್ಧದಲ್ಲಿ ಪೆನಾಲ್ಟಿ ಕೊಟ್ಟೆ. ಕೊಡಲೇಬೇಕಾಗಿತ್ತು, ಇಂದಿಗೂ ಕೊಡುತ್ತೇನೆ. ಏಳೆಂಟು ಜನ ಸುತ್ತುವರಿದರು. ನಾಯಕನ ಮುಖ ನನ್ನ ಮುಖದಿಂದ ಒಂದು ಗೇಣು. ಅವನ ಹಲ್ಲಿನ ಸಂದಿಯಲ್ಲಿದ್ದ ಕಿತ್ತಳೆ ಹಣ್ಣಿನ ಎಳೆ ಕಾಣುತ್ತಿತ್ತು. ಬೇಕೆಂದೇ ಮುಖದ ಮೇಲೆ ಕೆಮ್ಮಿದರೆ ಕೆಂಪು ಕಾರ್ಡ್ ಕೊಡಬಹುದು ಎಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹಿಂದಿನ ಆಗಸ್ಟ್‌ನಲ್ಲಿ ಸೂಚನೆ ಹೊರಡಿಸಿತ್ತು. ಈತ ಕೆಮ್ಮಲಿಲ್ಲ. ಬರೀ ಕೂಗಿದ. ಕೂಗಿದ್ದಕ್ಕೆ ಹಳದಿ ತೋರಿಸಿ ಕೆನ್ನೆ ಒರೆಸಿಕೊಂಡೆ.

ಮೂರು ಪಂದ್ಯ ಮುಗಿದ ಮೇಲೆ ಕವರು ಬಂತು. ಮೊದಲು ಪಂದ್ಯಕ್ಕೆ ₹500 ಇದ್ದದ್ದು ₹300 ಆಗಿತ್ತು. “ಕೊರೊನಾ ಅಲ್ಲವೇ ಮೇಷ್ಟ್ರೇ, ಪ್ರಾಯೋಜಕರಿಲ್ಲ.” ಆತನ ಬೆನ್ನ ಹಿಂದೆ ಮೇಜಿನ ಮೇಲೆ ಟ್ರೋಫಿ ನಿಂತಿತ್ತು, ನನ್ನ ಎದೆಯವರೆಗೆ. ಅದರ ಬೆಲೆ ಕೇಳಲಿಲ್ಲ. ಟ್ರೋಫಿ ಗಿಡ್ಡವಾದರೆ ಊರಿನ ಮರ್ಯಾದೆ ಹೋಗುತ್ತದೆ, ರೆಫರಿಯ ಕವರು ತೆಳುವಾದರೆ ಯಾರಿಗೂ ಕಾಣುವುದಿಲ್ಲ.

ನಾಲ್ಕನೇ ದಿನ ಜ್ವರ. ಐದನೇ ದಿನ ವಾಸನೆ ಹೋಯಿತು. ಎರಡು ವಾರ ಹಿಂದಿನ ಕೋಣೆಯಲ್ಲಿದ್ದೆ, ಬಾಗಿಲ ಹೊರಗೆ ತಟ್ಟೆ. ಅಲ್ಲೇ ಹತ್ತಿತೋ, ಬಸ್ಸಿನಲ್ಲಿ ಹತ್ತಿತೋ, ಯಾರ ಮೇಲೂ ಹೊರಿಸಲಾರೆ. ಅದೇ ಟೂರ್ನಿಯಲ್ಲಿ ಪಾದ ಉಳುಕಿಸಿಕೊಂಡ ಆಟಗಾರನ ಆಸ್ಪತ್ರೆ ಖರ್ಚನ್ನು ಸಂಘಟಕರು ಕೊಟ್ಟಿದ್ದರು, ಒಳ್ಳೆಯ ಕೆಲಸ. ನನಗೆ ಫೋನ್ ಬಂತು, “ಹುಷಾರು ಮೇಷ್ಟ್ರೇ, ಬಿಸಿನೀರು ಕುಡಿಯುತ್ತಾ ಇರಿ.” ಕುಡಿದೆ.

ಸಂಘಟಕರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ರಸೀದಿ ಪುಸ್ತಕ ಹಿಡಿದು ಗಾಂಧಿ ಬಜಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಹುಡುಗರು ಅವರು, ಕೆಲವರು ನನ್ನ ವಿದ್ಯಾರ್ಥಿಗಳೇ. ನಾನು ಕೇಳುವುದು ಬಹಳವೇನಲ್ಲ. ತಂಡಗಳ ಪ್ರವೇಶ ಶುಲ್ಕದಲ್ಲಿ ಒಂದು ಪಾಲನ್ನು ರೆಫರಿಗಳ ನಿಧಿಗೆ ತೆಗೆದಿಡಿ. ಮಳೆಗಾಲದಲ್ಲಿ ಅದರಿಂದ ಮುಂಗಡ ಕೊಡಿ, ಸುಗ್ಗಿಯಲ್ಲಿ ಮುರಿದುಕೊಳ್ಳಿ, ಭಾವನ ಪುಸ್ತಕದ ಹಾಗೆ. ಟೂರ್ನಿಯ ಮೂರು ದಿನಕ್ಕಾದರೂ ವಿಮೆ ಮಾಡಿಸಿ. ಪಂದ್ಯಕ್ಕೆ ಎಷ್ಟು ಎಂಬುದನ್ನು ಕರೆಯುವಾಗಲೇ ಬರೆದು ಕಳಿಸಿ, ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಸಾಕು. ಇನ್ನೊಂದು ಸಾಂಕ್ರಾಮಿಕ ಬರುವ ತನಕ ಕಾಯಬೇಕಿಲ್ಲ, ನಮಗೆ ಪ್ರತಿ ಜೂನ್‌ನಲ್ಲೂ ಲಾಕ್‌ಡೌನ್ ಇದ್ದೇ ಇದೆ.

ಮೊನ್ನೆ ಭಾನುವಾರ ನಾಲ್ಕು ಪಂದ್ಯ ಮಾಡಿಸಿದೆ. ಪಂದ್ಯಕ್ಕೆ ₹600 ಎಂದು ಮೊದಲೇ ಬಾಯಿಮಾತಾಗಿತ್ತು. ಆ ಹೊಸ ಹುಡುಗ ಪಕ್ಕದಲ್ಲೇ ನಿಂತಿದ್ದ, ಬಾವುಟ ಸುತ್ತಿಕೊಳ್ಳುತ್ತ. ಖಜಾಂಚಿ ಓಚರ್ ಮುಂದಿಟ್ಟ. ‘ಗೌರವಧನ’ ಎಂದು ಬರೆದಿದ್ದ ಕಡೆ ಗೆರೆ ಎಳೆದು, ಮೇಲೆ ‘ರೆಫರಿ ಕೂಲಿ’ ಎಂದು ಬರೆದು ಸಹಿ ಹಾಕಿದೆ.

“ಕೂಲಿ ಎಂದರೆ ಚೆನ್ನಾಗಿರುತ್ತದೆಯೇ ಮೇಷ್ಟ್ರೇ?” ಎಂದ ಆತ.

ಕವರು ಒಡೆದು ಅಲ್ಲೇ ಎಣಿಸಿದೆ. ₹400 ಕಡಿಮೆ ಇತ್ತು. ಕೈ ಮುಂದೆ ಚಾಚಿ ನಿಂತೆ. ಆತ ಜೇಬು ತಡಕಿ, ಪಕ್ಕದವನಿಂದ ಇಸಿದುಕೊಂಡು ಪೂರ್ತಿ ಮಾಡಿದ. ಹುಡುಗ ತನ್ನ ಕವರನ್ನೂ ಒಡೆಯತೊಡಗಿದ.