ಹತ್ತುವ ಬೆಟ್ಟ, ಸುತ್ತುವ ಬಂಡೆ

ಊರಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಮೆಲ್ಬರ್ನ್‌ಗೆ ಬಂದರೆ ಅವರನ್ನು ಎಲ್ಲೆಲ್ಲಿ ಸುತ್ತಾಡಿಸಬೇಕು ಎನ್ನುವುದು ಇಲ್ಲಿನ ಕನ್ನಡ ಮನೆಗಳಲ್ಲಿ ಮುಗಿಯದ ಚರ್ಚೆ. ಗ್ರೇಟ್ ಓಷನ್ ರೋಡ್ ಆಯಿತು, ಪೆಂಗ್ವಿನ್ ಆಯಿತು, ಸಿಡ್ನಿಯ ಸೇತುವೆ ಮುಂದೆ ಫೋಟೋನೂ ಆಯಿತು. ಆಮೇಲೆ ಯಾರಾದರೂ ಒಬ್ಬರು "ಮರುಭೂಮಿ ನಡುವೆ ಆ ಕೆಂಪು ಬಂಡೆ ಇದೆಯಲ್ಲ" ಎಂದು ಶುರು ಮಾಡುತ್ತಾರೆ. ಉಲುರು.

ನನ್ನ ಮಾತು ಇಷ್ಟೇ. ಅಲ್ಲಿಗೆ ಟೂರಿಗೆ ಹೊರಟವರ ಹಾಗೆ ಹೋಗಬೇಡಿ, ಕ್ಷೇತ್ರಕ್ಕೆ ಹೊರಟವರ ಹಾಗೆ ಹೋಗಿ. ಕ್ಷೇತ್ರದ ರೀತಿ-ರಿವಾಜು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಿಡಬೇಕಾದದ್ದು ಒಂದೇ ಚಟ, ಬೆಟ್ಟ ಕಂಡ ಕೂಡಲೇ ಹತ್ತುವುದು.

ನಮ್ಮ ಕಡೆ ದೇವರು ಮೇಲಿರುತ್ತಾನೆ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ಶ್ರವಣಬೆಳಗೊಳದಲ್ಲಿ ಬರಿಗಾಲಲ್ಲಿ ಬಂಡೆ ಹತ್ತಿದರೇ ಗೊಮ್ಮಟ. ನಮ್ಮ ಮಾವನವರು ತುಮಕೂರಿನ ಕಡೆಯವರು, ವಯಸ್ಸಿನಲ್ಲಿದ್ದಾಗ ಶಿವಗಂಗೆಯ ನೆತ್ತಿಗೆ ಲೆಕ್ಕವಿಲ್ಲದಷ್ಟು ಸಲ ಹತ್ತಿದವರು. ಉಲುರು ಹತ್ತುವ ಹಾಗಿಲ್ಲ ಎಂದಾಗ ಅವರಿಗೆ ಪೂರ್ತಿ ನಿರಾಸೆ. "ಏನ್ ಅಳಿಯಂದ್ರೇ, ಇಷ್ಟು ದುಡ್ಡು ಸುರಿದು ಹೋಗಿ ಬುಡ ನೋಡ್ಕೊಂಡು ಬರೋದಾ?"

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. 348 ಮೀಟರ್ ಎತ್ತರದ ಆ ಬಂಡೆಯನ್ನು ದಶಕಗಳ ಕಾಲ ಪ್ರವಾಸಿಗರು ಹತ್ತುತ್ತಲೇ ಇದ್ದರು. ಹಿಡಿದುಕೊಳ್ಳಲು 1960ರ ದಶಕದಲ್ಲಿ ಸರಪಳಿ ಹಾಕಿದ್ದರು. ಬಂಡೆಯ ಒಡೆಯರಾದ ಆನಂಗು ಎಂಬ ಮೂಲನಿವಾಸಿ ಜನ ಮಾತ್ರ ಹತ್ತುವುದಿಲ್ಲ, ಹತ್ತಬೇಡಿ ಎಂದು ಬುಡದಲ್ಲೇ ಫಲಕ ಹಾಕಿ ಕೇಳಿಕೊಂಡಿದ್ದರು. ಅವರ ಕಥೆಯಲ್ಲಿ ಮಾಲಾ ಎಂಬ ಪೂರ್ವಜರು ಉಲುರುಗೆ ಬಂದಾಗ ಹಿಡಿದ ದಾರಿ ಅದು. ಅದರ ಜೊತೆಗೆ ಇನ್ನೊಂದು ಸಂಕಟ. ಹತ್ತಲು ಹೋಗಿ 35ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ತಮ್ಮ ನೆಲಕ್ಕೆ ಬಂದ ಅತಿಥಿ ಸತ್ತರೆ ಆ ದುಃಖವನ್ನು ಆನಂಗು ಜನ ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ.

1985ರ ಅಕ್ಟೋಬರ್ 26ರಂದು ಸರಕಾರ ಆ ನೆಲವನ್ನು ಅವರಿಗೆ ವಾಪಸ್ ಕೊಟ್ಟಿತು. ಕೊಟ್ಟ ಕೈಯಲ್ಲೇ 99 ವರ್ಷಕ್ಕೆ ಗುತ್ತಿಗೆ ಬರೆಸಿಕೊಂಡಿತು, ನ್ಯಾಷನಲ್ ಪಾರ್ಕ್ ನಡೆಸಲು. ಹತ್ತುವುದು ನಿಂತದ್ದು ಸರಿಯಾಗಿ 34 ವರ್ಷ ಕಳೆದ ಮೇಲೆ, 2019ರ ಅದೇ ಅಕ್ಟೋಬರ್ 26ಕ್ಕೆ. ಮುಚ್ಚುತ್ತಾರೆ ಎಂದು ಗೊತ್ತಾದ ಮೇಲೆ ಜನ ಕಡೇ ಛಾನ್ಸ್ ಅಂತ ಮುಗಿಬಿದ್ದು, ಬಂಡೆಯ ಮೇಲೆ ಇರುವೆ ಸಾಲಿನ ಹಾಗೆ ಹತ್ತಿದರು. ಈಗ ಸರಪಳಿ ಇಲ್ಲ. ಅಷ್ಟೊಂದು ಬೂಟುಗಳು ಉಜ್ಜಿ ಸವೆದ ಬಿಳಿ ಗೆರೆ ಮಾತ್ರ ಕೆಂಪು ಕಲ್ಲಿನ ಮೇಲೆ ಇನ್ನೂ ಕಾಣುತ್ತದೆ. ಅದನ್ನು ನೋಡಿದಾಗ ಮಾವ ಏನೂ ಅನ್ನಲಿಲ್ಲ. ಆದರೆ ಬುಡದ ಮಾತು ಆಮೇಲೆ ಎತ್ತಲಿಲ್ಲ.

ಹತ್ತದಿದ್ದರೆ ಮತ್ತೇನು ಮಾಡುವುದು? ಪ್ರದಕ್ಷಿಣೆ. ಬಂಡೆಯ ಸುತ್ತ 10.6 ಕಿಲೋಮೀಟರ್ ಕಾಲುದಾರಿ ಇದೆ, ಎಲ್ಲ ಸಮತಟ್ಟು. ನಿಧಾನವಾಗಿ ನಡೆದರೆ ಮೂರೂವರೆ ಗಂಟೆ. ಹುಣ್ಣಿಮೆಗೆ ಬೆಂಗಳೂರಿನಿಂದ ಬಸ್ ಹತ್ತಿ ತಿರುವಣ್ಣಾಮಲೈಗೆ ಹೋಗಿ 14 ಕಿಲೋಮೀಟರ್ ಸುತ್ತಿ ಬರುವ ನಮ್ಮ ಜನಕ್ಕೆ ಇದು ಹೊಸದೇನಲ್ಲ. ಗಿರಿಯೇ ದೇವರು ಎಂದ ಮೇಲೆ ಅದರ ತಲೆಯ ಮೇಲೆ ಯಾರು ಕಾಲಿಡುತ್ತಾರೆ, ಅಲ್ವಾ?

ಅಷ್ಟು ನಡೆಯಲಾಗದ ಹಿರಿಯರಿಗೂ ದಾರಿ ಇದೆ. ಮಾಲಾ ನಡಿಗೆ ಹೋಗಿ ಬರಲು 2 ಕಿಲೋಮೀಟರ್. ಬೆಳಗ್ಗೆ ರೇಂಜರ್ ಜೊತೆಗೆ ಬಂದು ವಿವರಿಸುವುದಾದರೆ ದುಡ್ಡು ಕೊಡಬೇಕಾಗಿಲ್ಲ. ಇನ್ನೊಂದು ಕುನಿಯ ನಡಿಗೆ, 1 ಕಿಲೋಮೀಟರ್ ಅಷ್ಟೇ. ಇದನ್ನು ಮಾತ್ರ ಬಿಡಬೇಡಿ. ಕುನಿಯ ಎಂದರೆ ಹೆಣ್ಣು ಹೆಬ್ಬಾವು. ಮೊಟ್ಟೆಗಳನ್ನು ಹೊತ್ತು ಉಲುರುಗೆ ಬಂದವಳು. ಅವಳ ಸೋದರಳಿಯನ ಮೇಲೆ ಲಿರು ಎಂಬ ವಿಷದ ಹಾವುಗಳ ಪಡೆ ಈಟಿ ಎಸೆಯಿತು. ಸಿಟ್ಟಿಗೆದ್ದ ಕುನಿಯ ತನ್ನ ಅಗೆಯುವ ಕೋಲಿನಿಂದ ಲಿರು ತಲೆಗೆ ಎರಡು ಏಟು ಹಾಕಿದಳು. ಬಂಡೆಯಲ್ಲಿ ಆ ಎರಡೂ ಏಟಿನ ಸೀಳು ಇದೆ. ಮೊದಲನೆಯದು ಸಣ್ಣದು, ಎರಡನೆಯದು ದೊಡ್ಡದು. ದಾರಿಯ ಕೊನೆಯಲ್ಲಿ ಬಂಡೆಯ ಮಡಿಲಲ್ಲಿ ಮುಟಿಜುಲು ಎಂಬ ನೀರಿನ ಹೊಂಡ. ಕುನಿಯ ಈಗ ನೀರಹಾವಾಗಿ ಅದನ್ನು ಕಾಯುತ್ತಿದ್ದಾಳೆ ಎಂದು ನಂಬಿಕೆ.

ನಮ್ಮತ್ತೆ ಹುಟ್ಟಿದ್ದು ಉಡುಪಿಯ ಹತ್ತಿರ. ಈ ಕಥೆ ಕೇಳಿದ್ದೇ ತಡ, ಕೈ ಮುಗಿದರು. ನಾಗಬನದ ಪಕ್ಕ ಬೆಳೆದವರಿಗೆ ಇದಕ್ಕೆ ಭಾಷ್ಯ ಬೇಡ. ಬನದಲ್ಲಿ ಮರ ಕಡಿಯುವ ಹಾಗಿಲ್ಲ, ಮೈಲಿಗೆಯಲ್ಲಿ ಕಾಲಿಡುವ ಹಾಗಿಲ್ಲ, ಸುಮ್ನೆ ಹೋಗಿ ಗಲಾಟೆ ಮಾಡುವ ಹಾಗಿಲ್ಲ. "ನಮ್ಮ ಮೂಲಸ್ಥಾನದ ಹಾಗೇ ಉಂಟು" ಎಂದರು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆನಂಗು ಜನರ ಜುಕುರ್ಪ ಬೇರೆಯೇ. ಅವರಿಗೆ ಅದು ಪುರಾಣವೂ ಹೌದು, ಕಾನೂನೂ ಹೌದು, ಎಲ್ಲಿ ನೀರಿದೆ ಯಾರನ್ನು ಮದುವೆಯಾಗಬಹುದು ಎಂಬ ಲೆಕ್ಕವೂ ಹೌದು.

ನಮಗೂ ಅವರಿಗೂ ದೊಡ್ಡ ಫರಕು ಇರುವುದು ಕಥೆ ಹೇಳುವುದರಲ್ಲಿ. ನಮ್ಮ ಕ್ಷೇತ್ರಗಳಲ್ಲಿ ಸ್ಥಳಪುರಾಣ ಗೋಡೆ ಮೇಲೆ ಇರುತ್ತದೆ, ಹತ್ತು ರೂಪಾಯಿ ಪುಸ್ತಕದಲ್ಲಿ ಇರುತ್ತದೆ, ಮೈಕಿನಲ್ಲಿ ಬೇರೆ ಬರುತ್ತದೆ. ಅಲ್ಲಿ ಹೊರಗಿನವರಿಗೆ ಹೇಳುವುದು ಅವರಲ್ಲಿ ಮಕ್ಕಳಿಗೆ ಹೇಳುವಷ್ಟೇ. ಕೆಲವು ಕಥೆ ಗಂಡಸರಿಗೆ ಮಾತ್ರ, ಕೆಲವು ಹೆಂಗಸರಿಗೆ ಮಾತ್ರ. ಪಕ್ಕದ ಕಟಾ ಜೂಟಾ ಎಂಬ 36 ಗುಮ್ಮಟಗಳ ಗುಡ್ಡಸಾಲಿನ ಕಥೆಗಳನ್ನಂತೂ ಹೊರಗೆ ಹೇಳುವುದೇ ಇಲ್ಲ. ಉಲುರುವಿನ ಕೆಲವು ಭಾಗದಲ್ಲಿ ಫೋಟೋ ತೆಗೆಯಬೇಡಿ ಎಂಬ ಫಲಕ ಇದೆ. ಡ್ರೋನ್ ಹಾರಿಸುವಂತಿಲ್ಲ. ನಮ್ಮ ಮಗ "ಇಷ್ಟು ದೊಡ್ಡ ಬಂಡೆಗೆ ಏನಪ್ಪಾ ಆಗುತ್ತೆ" ಎಂದು ಗೊಣಗಿದ. ಗರ್ಭಗುಡಿಯಲ್ಲಿ ಯಾಕೆ ಮೊಬೈಲ್ ಎತ್ತಲ್ಲ ಎಂದು ಅಜ್ಜಿ ಕೇಳಿದ ಮೇಲೆ ಫೋನು ಜೇಬಿಗೆ ಹೋಯಿತು. ಎಲ್ಲವನ್ನೂ ಎಲ್ಲರಿಗೂ ತೋರಿಸಿಬಿಡುವ ನಮ್ಮ ಈಗಿನ ದೇವಸ್ಥಾನಗಳಿಗಿಂತ ಈ ಬಿಗಿಯೇ ನನಗೆ ಇಷ್ಟವಾಯಿತು.

ಇನ್ನು ಹೊರಡುವ ಲೆಕ್ಕ. ಮೇಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆ ಕಾಲ. ಊರಿನವರು ಇಲ್ಲಿಗೆ ಬರುವುದೂ ಹೆಚ್ಚಾಗಿ ಆಗಲೇ, ಮಕ್ಕಳಿಗೆ ಜುಲೈ ರಜೆಯೂ ಇರುತ್ತದೆ. ಡಿಸೆಂಬರ್-ಜನವರಿಯಲ್ಲಿ 40 ಡಿಗ್ರಿ ದಾಟುತ್ತದೆ, ಬೇಡವೇ ಬೇಡ. ಜುಲೈ ಅಂದರೆ ಮಧ್ಯಾಹ್ನ ಹಿತವಾದ ಬಿಸಿಲು, ಬೆಳಗಿನ ಜಾವ ಸೊನ್ನೆ ಡಿಗ್ರಿಯ ಹತ್ತಿರ. ಮರುಭೂಮಿ ತಾನೇ ಎಂದು ಸ್ವೆಟರ್ ಬಿಟ್ಟು ಹೋಗಬೇಡಿ. ಮಂಕಿ ಕ್ಯಾಪಿಗೆ ಮಾವನವರ ಪೆಟ್ಟಿಗೆಯಲ್ಲಿ ಯಾವಾಗಲೂ ಜಾಗ ಇರುತ್ತದೆ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿಸಿಲೇರಿದಾಗ ನೊಣಗಳ ಕಾಟ. ಮುಖಕ್ಕೆ ಹಾಕುವ ಬಲೆ ಅಂಗಡಿಯಲ್ಲಿ ಸಿಗುತ್ತದೆ. ಅತ್ತೆ ಸೆರಗನ್ನೇ ಮುಖಕ್ಕೆ ಎಳೆದುಕೊಂಡು ಆರಾಮಾಗಿ ನಡೆದರು.

ವಿಮಾನ ಆಲಿಸ್ ಸ್ಪ್ರಿಂಗ್ಸ್‌ಗೆ ಬುಕ್ ಮಾಡಬೇಡಿ. ನಕ್ಷೆಯಲ್ಲಿ ಪಕ್ಕದಲ್ಲೇ ಇರುವ ಹಾಗೆ ಕಾಣುತ್ತದೆ, ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಗಿಂತ ದೂರ, ನಡುವೆ ತಿನ್ನಲು ಬೆರಳೆಣಿಕೆಯ ಜಾಗ. ಕತ್ತಲಾದ ಮೇಲೆ ಕಾಂಗರೂ, ಒಂಟೆ ಅಡ್ಡ ಬರುತ್ತವೆ. ಯುಲಾರಾ ಎಂಬ ರೆಸಾರ್ಟ್ ಊರಿನ ಪಕ್ಕದಲ್ಲೇ ಏರ್ಸ್ ರಾಕ್ ಏರ್‌ಪೋರ್ಟ್ ಇದೆ, ಅಲ್ಲಿಗೇ ಇಳಿಯಿರಿ. ಪಾರ್ಕಿನ ಒಳಗೆ ಉಳಿಯುವಂತಿಲ್ಲ. ಯುಲಾರಾದಲ್ಲಿ ಎಲ್ಲವೂ ದುಬಾರಿ. ಅಡುಗೆಗೆ ಜಾಗ ಇರುವ ರೂಮು ಅಥವಾ ಕ್ಯಾಬಿನ್ ಹಿಡಿದು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಮನೆಯಿಂದ ಒಯ್ದರೆ ಅರ್ಧ ಚಿಂತೆ ಕಳೆಯಿತು. ಅಲ್ಲಿ ಸೂಪರ್‌ಮಾರ್ಕೆಟ್ ಇದೆ, ಅಕ್ಕಿ ಮೊಸರು ಸಿಗುತ್ತದೆ.

ಎಷ್ಟು ದಿನ ಬೇಕು? ಇಲ್ಲೇ ಜಗಳ. ನಮ್ಮವರಿಗೆ ಮುಟ್ಟಿ ಬರುವುದು ರೂಢಿ. ಬೆಳಗ್ಗೆ ಧರ್ಮಸ್ಥಳ, ಮಧ್ಯಾಹ್ನ ಸುಬ್ರಹ್ಮಣ್ಯ, ರಾತ್ರಿ ಉಡುಪಿ. ನಾವು ಕೇಳಿದ ಒಬ್ಬ ಟೂರ್ ಏಜೆಂಟ್ ಇದೇ ಲೆಕ್ಕದಲ್ಲಿ ಎರಡು ರಾತ್ರಿಗೆ ಉಲುರು, ಕಟಾ ಜೂಟಾ, 300 ಕಿಲೋಮೀಟರ್ ಆಚೆಯ ಕಿಂಗ್ಸ್ ಕ್ಯಾನ್ಯನ್ ಎಲ್ಲ ತುರುಕಿ ಕೊಟ್ಟ. ಮಾವನಿಗೆ ಪ್ಲಾನು ಬಹಳ ಹಿಡಿಸಿತು. ನಾನು ಒಪ್ಪಲಿಲ್ಲ. ಪಾರ್ಕಿನ ಪಾಸೇ ಮೂರು ದಿನದ್ದು, ಮಕ್ಕಳಿಗೆ ಫ್ರೀ. ಮೊದಲ ದಿನ ಕಲ್ಚರಲ್ ಸೆಂಟರ್‌ಗೆ ಹೋಗಿ ಏನು ಎತ್ತ ತಿಳಿದುಕೊಂಡು, ಸಂಜೆ ದೂರದಿಂದ ಬಂಡೆಯ ಬಣ್ಣ ಬದಲಾಗುವುದನ್ನು ನೋಡಿ. ಎರಡನೆಯ ದಿನ ಬೆಳಕು ಹರಿಯುವಾಗಲೇ ಪ್ರದಕ್ಷಿಣೆ ಶುರು ಮಾಡಿ. ಹತ್ತಿರ ಹೋದರೆ ಕೆಂಪು ಬರೀ ಮೇಲ್ಪದರ ಎಂದು ಗೊತ್ತಾಗುತ್ತದೆ. ಕಲ್ಲಿನ ಕಬ್ಬಿಣಕ್ಕೆ ಹಿಡಿದ ತುಕ್ಕು ಅದು. ಗುಹೆಗಳ ಒಳಗೆ ಅಸಲಿ ಬೂದು ಬಣ್ಣ ಕಾಣುತ್ತದೆ. ಒಂದು ಚೂರೂ ಎತ್ತಿ ಜೇಬಿಗೆ ಹಾಕಬೇಡಿ. ಹಾಗೆ ಒಯ್ದವರು ಎಷ್ಟೋ ಜನ ಕ್ಷಮೆ ಕೇಳಿ ಅಂಚೆಯಲ್ಲಿ ವಾಪಸ್ ಕಳಿಸಿದ್ದಾರೆ.

ಮೂರನೆಯ ದಿನ ಕಟಾ ಜೂಟಾ. ಕಾಲಲ್ಲಿ ಕಸುವಿರುವ ಹುಡುಗರಿಗೆ ವ್ಯಾಲಿ ಆಫ್ ದಿ ವಿಂಡ್ಸ್ 7.4 ಕಿಲೋಮೀಟರ್, ಏರಿಳಿತ ಜಾಸ್ತಿ. ಹಿರಿಯರಿಗೆ ವಾಲ್ಪಾ ಕಮರಿ ಸಾಕು. ಕಿಂಗ್ಸ್ ಕ್ಯಾನ್ಯನ್ ಬೇಕೇ ಬೇಕು ಎನ್ನುವವರು ಇನ್ನೆರಡು ದಿನ ರಜೆ ಹಾಕಿ. ಅಷ್ಟು ರಜೆ ಇಲ್ಲದಿದ್ದರೆ ಅದನ್ನು ಬಿಡಿ, ಪ್ರದಕ್ಷಿಣೆ ಬಿಡಬೇಡಿ.