ಸತ್ಯಾಂಶ: ಥರ್ಮೋಸ್ಟಾಟ್ ಕಿತ್ತರೆ ಎಂಜಿನ್ ತಂಪಾಗಿರುತ್ತಾ?

'ನಮ್ಮದು ಬಿಸಿಲಿನ ದೇಶ, ಪಿಕಪ್‌ಗೆ ಥರ್ಮೋಸ್ಟಾಟ್ ಬೇಡ. ಕಿತ್ತು ಎಸೆಯಿರಿ, ಮೈಲೇಜೂ ಜಾಸ್ತಿ' ಅನ್ನೋ ಮೆಸೇಜ್ ಎಲ್ಲ ಕಡೆ ಓಡಾಡುತ್ತಿದೆ. ಇದು ತಪ್ಪು.

ರಾಯಚೂರಿನ ಬೇಸಿಗೆಯಲ್ಲೂ ಹೊರಗಿನ ಬಿಸಿ 40 ಡಿಗ್ರಿ ಆಸುಪಾಸು. ಎಂಜಿನ್‌ಗೆ ಬೇಕಿರುವುದು ಸುಮಾರು 85ರಿಂದ 95. ಅಲ್ಲಿಗೆ ಬೇಗ ಮುಟ್ಟಿಸಿ, ಅಲ್ಲೇ ನಿಲ್ಲಿಸುವುದು ಥರ್ಮೋಸ್ಟಾಟ್ ಕೆಲಸ. ಒಳಗೆ ಒಂದು ಚೂರು ಮೇಣ ಇರುತ್ತದೆ, ಅಷ್ಟೇ. ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಕಾದಾಗ ಮೇಣ ಕರಗಿ ಉಬ್ಬಿ, ರೇಡಿಯೇಟರ್ ಕಡೆಗಿನ ಕವಾಟ ತೆರೆಯುತ್ತದೆ. ಆರಿದರೆ ಸ್ಪ್ರಿಂಗ್ ಮುಚ್ಚುತ್ತದೆ.

ಅದನ್ನು ಕಿತ್ತರೆ ಎಂಜಿನ್ ಬಿಸಿಯಾಗಲು ತುಂಬಾ ಹೊತ್ತು ಬೇಕು. ಆಯಿಲ್ ದಪ್ಪಗೇ ಉಳಿಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು. ತಮಾಷೆ ಏನೆಂದರೆ, ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅದಿಲ್ಲದಿದ್ದರೆ ಒಂದಷ್ಟು ಕೂಲಂಟ್ ರೇಡಿಯೇಟರ್‌ಗೆ ಹೋಗದೆ ಸುಮ್ನೆ ಒಳಗೇ ಸುತ್ತುತ್ತದೆ. ಲೋಡ್ ಹಾಕಿ ಘಾಟ್ ಹತ್ತಿದಾಗ ಎಂಜಿನ್ ಇನ್ನೂ ಕಾಯಬಹುದು!

ಮಾತು ಹುಟ್ಟಿದ್ದು ಎಲ್ಲಿಂದ ಅಂದರೆ, ಮುಚ್ಚಿಕೊಂಡೇ ಕೆಟ್ಟ ಥರ್ಮೋಸ್ಟಾಟ್ ಕಿತ್ತಾಗ ಆ ಹೊತ್ತಿಗೆ ಗಾಡಿ ಮನೆ ಮುಟ್ಟುತ್ತದೆ. ಅದು ದಾರಿ ಮಧ್ಯದ ಉಪಾಯ, ಅಷ್ಟೇ. ಹೊಸದು ಹಾಕಲೇಬೇಕು.

ಹಾಕುವ ಮುಂಚೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ ನೋಡಿ. ಅದರ ಮೇಲೆ 82 ಎಂದಿದ್ದರೆ ಹೆಚ್ಚುಕಮ್ಮಿ ಆ ಬಿಸಿಗೆ ಬಾಯಿ ಬಿಡಬೇಕು. ಎಂಜಿನ್ ಪೂರ್ತಿ ಆರಿದ ಮೇಲೆಯೇ ರೇಡಿಯೇಟರ್ ಮುಚ್ಚಳ ಮುಟ್ಟಿ. ಗ್ಯಾಸ್ಕೆಟ್ (ಸೋರದಂತೆ ತಡೆಯುವ ಪಟ್ಟಿ) ಹೊಸದಿರಲಿ. ಥರ್ಮೋಸ್ಟಾಟ್‌ನಲ್ಲಿ ಅಲುಗಾಡುವ ಪುಟ್ಟ ಪಿನ್ ಇದ್ದರೆ ಸಾಮಾನ್ಯವಾಗಿ ಅದು ಮೇಲಕ್ಕೆ ಬರಬೇಕು, ಗಾಳಿ ಹೊರಹೋಗುವುದು ಅಲ್ಲಿಂದಲೇ.